ಕುರ್ಚಿಯ ಮೊಳೆ

ಶನಿವಾರ. ಮಕ್ಕಳ ಕೈಲಿ ಹೇಳಿ ಕಳಿಸಿದ್ದೆವು:
ಅಪ್ಪನೋ ಅಮ್ಮನೋ ಬರಲೇಬೇಕು, ಹನ್ನೊಂದಕ್ಕೆ.
ಬಂದವರು ಬಾಗಿಲಲ್ಲೇ ನಿಂತರು
ಚಪ್ಪಲಿ ಗೋಡೆಗೆ ಸರಿಸಿ,
ಮುಖದಲ್ಲಿ ಮೊದಲೇ ತಪ್ಪೊಪ್ಪಿಗೆ.
ಶಾಲೆಯಿಂದ ಕರೆ ಬಂತೆಂದರೆ
ಯಾರೋ ಯಾರದೋ ತಲೆ ಒಡೆದಿರಬೇಕು,
ಇಲ್ಲ ಲೆಕ್ಕದಲ್ಲಿ ಸೊನ್ನೆ.
ಈ ಸಲ ಹಾಗಲ್ಲ ಅಂದೆ.
ಒಬ್ಬರೂ ನಂಬಲಿಲ್ಲ.

ಒಳಗೆ ಚೌಡಮ್ಮ ಮಂಡಕ್ಕಿ ಕಲಸುತ್ತಿದ್ದಳು
ಬಿಸಿಯೂಟದ ದೊಡ್ಡ ಪಾತ್ರೆಯಲ್ಲಿ,
ಮೊಳಕೈವರೆಗೆ ಎಣ್ಣೆ, ಖಾರ.
ಈರುಳ್ಳಿ ನನ್ನದು, ಶೇಂಗಾ ಷಡಕ್ಷರಪ್ಪ ಮೇಷ್ಟ್ರದು,
ಕೊತ್ತಂಬರಿ ಯಾರದೆಂದು ಅವಳು ಹೇಳಲಿಲ್ಲ.
ಪೊಟ್ಟಣಕ್ಕೆ ಕಾಗದ ಸಾಲದೆ
ಹೋದ ವರ್ಷದ ಪ್ರಶ್ನೆಪತ್ರಿಕೆ ಸುತ್ತಿದೆವು.
‘ಬಿಟ್ಟ ಸ್ಥಳ ತುಂಬಿರಿ.’
ತುಂಬಿದಳು ಚೌಡಮ್ಮ, ಬೊಗಸೆಬೊಗಸೆ,
ಒಂದೂ ತಪ್ಪಿಲ್ಲದೆ.

ನಾಲ್ಕನೇ ತರಗತಿಯ ಬೆಂಚಿನಲ್ಲಿ
ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು ಕೂತರು ದೊಡ್ಡವರು.
ಗಾಂಧಿ ಬಜಾರಿನ ಹೂವಿನ ವಿಮಲಾಕ್ಷಿ
ಅರ್ಧ ತಿಂದು ಪೊಟ್ಟಣದ ಬಾಯಿ ಮಡಚಿದಳು,
ಮನೆಯಲ್ಲಿ ಇನ್ನೊಂದಿದೆ, ಚಿಕ್ಕದು.
ಚೌಡಮ್ಮ ಅದನ್ನು ಕಿತ್ತುಕೊಂಡು
ತುಂಬಿದ್ದೊಂದು ಮಡಿಲಿಗಿಟ್ಟು ಹೋದಳು,
ಬೈದ ಹಾಗೆ.

ಆಮೇಲೆ ನನ್ನ ಚೀಟಿಗಳು.
ಮೂವತ್ತೊಂದು ಮಕ್ಕಳು, ಮೂವತ್ತೊಂದು ಚೀಟಿ,
ಒಂದೊಂದರಲ್ಲಿ ಒಂದೇ ಒಂದು ಒಳ್ಳೇ ಮಾತು.
ಹಿಂದಿನ ರಾತ್ರಿ ಬರೆದದ್ದು, ಕರೆಂಟು ಹೋಗಿ, ಬಂದು, ಹೋಗಿ.
ಇಪ್ಪತ್ತು ಸುಲಭಕ್ಕೆ ಆದವು.
ಆಮೇಲೆ ಯೋಚಿಸಬೇಕಾಯಿತು.
ಯೋಚಿಸಬೇಕಾಯಿತಲ್ಲ ಎಂದು ನಾಚಿಕೆಯಾಯಿತು.

‘ನಾಗಭೂಷಣ ಪ್ರಾರ್ಥನೆಯ ಸಾಲಿನಲ್ಲಿ
ಇರುವೆ ತುಳಿಯದ ಹಾಗೆ ನಿಲ್ಲುತ್ತಾನೆ.’
‘ಇದಕ್ಕಾ ಕರೆಸಿದ್ದು?’ ಅಂದಳು ಅವನ ಅಜ್ಜಿ.
ಸ್ವಲ್ಪ ಸುಮ್ಮನಿದ್ದು,
‘ಇನ್ನೊಂದು ಸಲ ಓದಿ.’

ಆಟೊ ಕಾಂಪ್ಲೆಕ್ಸಿನಲ್ಲಿ ಲಾರಿಗೆ ಬಾಡಿ ಕಟ್ಟುವ ದಾದಾಪೀರ್
ಚೀಟಿಯನ್ನು ಮಗಳಿಗೇ ಕೊಟ್ಟ, ‘ಕನ್ನಡಕ ತಂದಿಲ್ಲ.’
ಕನ್ನಡಕ ಅವನಿಗೆ ಇಲ್ಲವೇ ಇಲ್ಲ.
‘ರುಕಿಯಾ ತನ್ನ ರಬ್ಬರನ್ನು ಹಲ್ಲಲ್ಲಿ ಎರಡು ಮಾಡಿ
ಪಕ್ಕದವಳಿಗೆ ಕೊಡುತ್ತಾಳೆ.’
ಓದುತ್ತ ಓದುತ್ತ ‘ಹಲ್ಲಲ್ಲಿ’ಯನ್ನು ನುಂಗಿದಳು.
ಅವನು ಚೀಟಿಯನ್ನು ಮಡಚಿ, ಮತ್ತೆ ಮಡಚಿ
ಜೇಬಿಗಿಟ್ಟ, ಅಳತೆ ಟೇಪಿನ ಹಿಂದೆ.

ಎಲ್ಲರಿಗೂ ಕೈಮುಗಿಯಲು ಎದ್ದೆ.
ಸೀರೆ ಹಿಡಿಯಿತು ಕುರ್ಚಿಯ ಮೊಳೆ.
ಎಂಟು ವರ್ಷದ ಮೊಳೆ ಅದು.
ದಿನಾ ಪೇಪರು ಮಡಚಿ ಇಡುತ್ತೇನೆ,
ಸಭೆಯೆಂದು ಅವತ್ತು ತೆಗೆದಿದ್ದೆ.
ಬಿಡಿಸಿಕೊಂಡೆ, ಯಾರಿಗೂ ಕಾಣದ ಹಾಗೆ.
ಚರ್ ಅಂದದ್ದು ಮಾತ್ರ,
ಅದೂ ಸಣ್ಣಗೆ.

ಸೋಮವಾರ ಎಂದಿನಂತೆ ಬಲಕ್ಕೆ ವಾಲಿ ಕೂತೆ.
ಮೈ ಕಲಿತ ಪಾಠ, ಬೋರ್ಡಿನದಲ್ಲವಲ್ಲ ಒರೆಸಲು.
ಪೇಪರು ತುರುಕಲು ಹೋದರೆ ಬೆರಳಿಗೆ ನುಣುಪು.
ಮೊಳೆಯ ತಲೆ ಮರದೊಳಗೆ ಮಲಗಿತ್ತು,
ಅದರ ಮೇಲೊಂದು ಎಸಳು,
ಲಾರಿಯ ಹಿಂದೆ ಬರೆಯುತ್ತಾರಲ್ಲ, ಆ ಹೂವಿನದು,
ಹಸಿರು, ಇನ್ನೂ ಅರ್ಧ ಹಸಿ.
ನನ್ನ ಹೆಬ್ಬೆರಳಿಗೆ ಹತ್ತಿತು,
ಹಾಜರಿ ಪುಸ್ತಕದ ಅಂಚಿಗೂ.

ಚೌಡಮ್ಮ ಬಾಯಿ ಬಿಟ್ಟದ್ದು ಗುರುವಾರ:
ಒಲೆ ಹಚ್ಚುವ ಹೊತ್ತಿಗೇ ಬಂದಿದ್ದನಂತೆ,
ಕೈಯಲ್ಲಿ ಲಾರಿಯ ಸುತ್ತಿಗೆ.
ಕುರ್ಚಿಗೆ ಇಷ್ಟು ದೊಡ್ಡದಾ ಎಂದು ನಕ್ಕಳಂತೆ ಇವಳು.
ಎರಡು ನಿಮಿಷದ ಕೆಲಸ.
ಟೀ ಬೇಡ ಅಂದನಂತೆ, ಆಮೇಲೆ ಕುಡಿದನಂತೆ,
ಮೇಡಮ್ಮಿಗೆ ಹೇಳಬೇಡ ಅಂದನಂತೆ.

ಆದರೆ ಅದು ಗುರುವಾರದ ಮಾತು.
ಸೋಮವಾರ ನನಗೆ ಏನೂ ಗೊತ್ತಿಲ್ಲ.
ಹಸಿರು ಹೆಬ್ಬೆರಳಲ್ಲೇ ಹಾಜರಿ ಕರೆದೆ.
ಇಪ್ಪತ್ತಾರನೇ ನಂಬರು.
‘ಎಸ್ ಮಿಸ್’ ಅಂದಳು ರುಕಿಯಾ,
ನನ್ನ ಮುಖ ನೋಡಲಿಲ್ಲ,
ಕುರ್ಚಿ ನೋಡಿದಳು.